ಹೆಸರು ಬದಲಾಯಿಸಿದರೆ ಪೋರ್ಟಿಂಗ್ ಆಗೋದಿಲ್ಲ ಸ್ವಾಮೀ!

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಜಾಸ್ತಿ ಇತ್ತು ಅಂದರೆ ಸುಳ್ಳಾಗುತ್ತೆ, ಸೋಮಾರಿತನ ಅಷ್ಟೆ. ಇವತ್ತು ಮಾತ್ರ ಸ್ವಲ್ಪ ಸಿಟ್ಟು ಬಂದಿದೆ. ಆರುವ ಮೊದಲೇ ಬರೆದುಬಿಡೋಣ ಅಂತ ಕೂತಿದ್ದೇನೆ.

ಮೊನ್ನೆ ಗೆಳೆಯನೊಬ್ಬ ತಾನು ಬರೆಯುತ್ತಿರುವ ಕನ್ನಡ ಪದಕೋಶದ ತಂತ್ರಾಂಶ ತೋರಿಸಿದ. ಸೋರ್ಸ್ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಡುತ್ತಾನಂತೆ. ಖುಷಿಯಾಯಿತು. ಒಳಗೆ ಇಣುಕಿ ನೋಡಿದೆ. ಎಲ್ಲಿ ನೋಡಿದರಲ್ಲಿ 4096, 4096, 4096.

"ಏನೋ ಇದು?" ಅಂದೆ.

"ಪೇಜ್ ಸೈಜ್ ಅಲ್ವೇನೋ. ನನ್ನ ಮಷೀನಲ್ಲಿ ಸರಿಯಾಗೇ ಓಡ್ತಿದೆ. ವಿಂಡೋಸಿಗೆ ಬೇಕು ಅಂದ್ರೆ ಒಂದು ಮ್ಯಾಕ್ರೋ ಹಾಕಿದ್ರಾಯ್ತು" ಅಂದ.

ನನ್ನ ಸಿಟ್ಟು ಅವನ ಮೇಲಲ್ಲ. ಇದೇ ಮಾತನ್ನು ಇದೇ ಧಾಟಿಯಲ್ಲಿ ಹಿಂದೊಮ್ಮೆ ನಾನೂ ಆಡಿದ್ದೆ. ಅದಕ್ಕೆ ಬೆಲೆ ತೆತ್ತವನು ನಾನಲ್ಲ, ಬೇರೆಯವರು. ಆ ಕಥೆಗೆ ಆಮೇಲೆ ಬರುತ್ತೇನೆ.

"ನನ್ನ ಮಷೀನಲ್ಲಿ ಸರಿಯಾಗಿದೆ" ಅನ್ನೋ ಮಾತು ಕನ್ನಡದಲ್ಲಿ ಬ್ಲಾಗಿಸುವ ನಮಗೆ ಹೊಸದೇನಲ್ಲ, ಅಲ್ವೇ? ಯುನಿಕೋಡಿಗೆ ಮುಂಚಿನ ಆ ದಿನಗಳನ್ನು ನೆನಪಿಸಿಕೊಳ್ಳಿ. ಒಬ್ಬೊಬ್ಬರದು ಒಂದೊಂದು ಫಾಂಟು. ಪುಟ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಕೇಳಿದರೆ "ನಮ್ಮಲ್ಲಿ ಸರಿಯಾಗಿ ಕಾಣ್ತಿದೆ, ನೀವು ನಮ್ಮ ಫಾಂಟ್ ಇಳಿಸಿಕೊಳ್ಳಿ" ಅನ್ನೋ ಉತ್ತರ. 1991ರಲ್ಲಿ ಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗವಿತ್ತು. ಆದರೂ ನಾವು ಅಲ್ಲಿಗೆ ಬಂದು ಸೇರಲು ಎಷ್ಟು ವರ್ಷ ಹಿಡಿಯಿತು! ಆಗ ಆ ವಾದವನ್ನು ಒಪ್ಪದೆ ಜಗಳ ಆಡಿದವರೇ ಈಗ ತಂತ್ರಾಂಶ ಬರೆಯುವಾಗ ಅದೇ ವಾದ ಹೂಡಿದರೆ ಹೇಗೆ?

ಈ ವಿಷಯಕ್ಕೆ ಹೊಸಬರಿಗಾಗಿ ಒಂದೆರಡು ಮಾತು. ಪ್ರೋಗ್ರಾಮು ಒಂದು ಕಡತವನ್ನು ಸ್ವಲ್ಪ ಸ್ವಲ್ಪವೇ ಓದಿಕೊಳ್ಳೋದು ಒಂದು ದಾರಿ. "ಈ ಕಡತವನ್ನು ನನ್ನ ಮೆಮೊರಿಯ ಭಾಗ ಅಂತಲೇ ತೋರಿಸಿಬಿಡು" ಅಂತ ಆಪರೇಟಿಂಗ್ ಸಿಸ್ಟಮ್ಮಿಗೆ ಹೇಳೋದು ಇನ್ನೊಂದು. ಇದಕ್ಕೇ ಮೆಮೊರಿ ಮ್ಯಾಪಿಂಗ್ ಅನ್ನೋದು. ನೀವು ಯಾವ ಭಾಗ ಮುಟ್ಟುತ್ತೀರೋ ಆ ಭಾಗ ಡಿಸ್ಕಿನಿಂದ ತಾನಾಗಿ ಮೆಮೊರಿಗೆ ಬರುತ್ತೆ. ಬರೋದು ಒಂದೊಂದು ಬೈಟ್ ಲೆಕ್ಕದಲ್ಲಲ್ಲ, ಪುಟದ ಲೆಕ್ಕದಲ್ಲಿ. ಹಳೇ ಕಾಲದ ಸೇರು, ಕೊಳಗ ಇದ್ದ ಹಾಗೆ. ಎಲ್ಲರೂ ಸೇರು ಅಂತಲೇ ಕರೆದರೂ ನಮ್ಮೂರ ಸೇರು ನಿಮ್ಮೂರ ಸೇರಿಗೆ ಸಮ ಇರುತ್ತಿರಲಿಲ್ಲ.

ಮನೆಯ ಇಂಟೆಲ್ ಕಂಪ್ಯೂಟರಿನಲ್ಲಿ ಸೇರು ಅಂದರೆ 4096 ಬೈಟು. ಆಪಲ್‌ನ ಎಂ1 ಮತ್ತು ನಂತರದ ಮ್ಯಾಕ್‌ಗಳಲ್ಲಿ 16384. ಆರ್ಮ್ 64-ಬಿಟ್ ಪ್ರೊಸೆಸರುಗಳಲ್ಲಿ 4, 16, 64 ಕೆಬಿ ಮೂರಕ್ಕೂ ಅವಕಾಶ ಉಂಟು. ವಿಂಡೋಸಿನದು ಇನ್ನೊಂದು ತಮಾಷೆ. ಇಂಟೆಲ್ ಯಂತ್ರದಲ್ಲಿ ಪುಟ 4096 ಬೈಟೇ ಆದರೂ ಕಡತವನ್ನು ಮ್ಯಾಪ್ ಮಾಡೋದಕ್ಕೆ ಶುರು ಮಾಡುವ ಜಾಗ 65536ರ ಗುಣಕವೇ ಆಗಿರಬೇಕು. ಈ ನಿಯಮ ಬಂದಿದ್ದು ಆಲ್ಫಾ ಅನ್ನೋ ಪ್ರೊಸೆಸರಿನ ಅನುಕೂಲಕ್ಕೆ. ಆಲ್ಫಾ ಮರೆಯಾಗಿ ದಶಕಗಳೇ ಕಳೆದವು, ನಿಯಮ ಮಾತ್ರ ಗಟ್ಟಿಯಾಗಿ ಕೂತಿದೆ.

ಈಗ ನನ್ನ ಕಥೆ. 2009ರದ್ದು.

ಧಾರವಾಡದ ಹತ್ತಿರ ಹಳ್ಳಿಯಲ್ಲಿರುವ ನನ್ನ ಸೋದರಮಾವನಿಗೆ ಒಂದು ಹುಚ್ಚು. ಒಕ್ಕಲುತನದ ಹಳೆಯ ಮಾತುಗಳನ್ನು ಕೂಡಿಹಾಕೋದು. ಕೂರಿಗೆ, ರಂಟೆ, ಕುಂಟೆಗಳ ಒಂದೊಂದು ಭಾಗದ ಹೆಸರು, ಕಣ ಮಾಡುವಾಗಿನ ಮಾತು, ಮೇಟಿಯ ಸುತ್ತ ಹಂತಿ ಹೊಡೆಯುವಾಗಿನ ಮಾತು. ಊರಿನ ಹಿರಿಯರ ಹತ್ತಿರ ಕೂತು ಕೇಳಿ ಚೀಟಿಯಲ್ಲಿ ಬರೆದು ಬಿಸ್ಕೀಟ್ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. "ಚೀಟಿ ಗೀಟಿ ಬಿಡಿ ಮಾಮಾ, ಇನ್ನು ನೇರವಾಗಿ ಕಂಪ್ಯೂಟರಿಗೇ ಹಾಕಿ" ಅಂದವನು ನಾನೇ. ಅದಕ್ಕೊಂದು ತಂತ್ರಾಂಶವನ್ನೂ ಬರೆದುಕೊಟ್ಟೆ.

ಬರೆದಿದ್ದು ನನ್ನ ಲಿನಕ್ಸ್ ಮಷೀನಿನಲ್ಲಿ, ಸಿ ಭಾಷೆಯಲ್ಲಿ, ಎಂಮ್ಯಾಪ್ ಬಳಸಿ. ಕಡತದ ಒಂದೊಂದು ವಿಭಾಗವೂ 4096ರ ಗುಣಕದಲ್ಲಿ ಶುರುವಾಗಬೇಕು ಅಂತ ನಿಯಮ ಮಾಡಿಕೊಂಡೆ. ಮಾವನ ಹತ್ತಿರ ಇದ್ದಿದ್ದು ವಿಂಡೋಸ್. ಅಲ್ಲಿಗೆ ಒಯ್ದಾಗ ಎರರ್ 1132 ಬಂತು. ಮ್ಯಾಪ್ ಮಾಡುವ ಜಾಗ ಸರಿಯಾದ ಗುಣಕದಲ್ಲಿಲ್ಲ ಅಂತ ಅರ್ಥ. ಅಲ್ಲೇ ನಿಂತು ಯೋಚಿಸಬೇಕಿತ್ತು. ನಾನೇನು ಮಾಡಿದೆ? ವಿಂಡೋಸಿಗೆ ಮಾತ್ರ ಇಡೀ ಕಡತವನ್ನು ಶುರುವಿನಿಂದಲೇ ಮ್ಯಾಪ್ ಮಾಡು ಅಂತ ಒಂದು ಇಫ್‌ಡೆಫ್ ಜಡಿದು ಮುಂದೆ ಹೋದೆ. ಎಂಸಿಂಕ್ ಅನ್ನೋ ಹೆಸರಿಗೆ ವಿಂಡೋಸಿನ ಫ್ಲಶ್ ವ್ಯೂ ಆಫ್ ಫೈಲ್ ಅನ್ನು ಮ್ಯಾಕ್ರೋದಲ್ಲಿ ಅಂಟಿಸಿದೆ. ಎಂಮ್ಯಾಪ್ ಸೋತಾಗ ಲಿನಕ್ಸ್ ಮೈನಸ್ ಒಂದು ಕೊಡುತ್ತೆ, ವಿಂಡೋಸ್ ನಲ್ ಕೊಡುತ್ತೆ. "ಎರಡೆರಡು ಕಡೆ ಯಾಕೆ" ಅಂತ ಎಲ್ಲ ಕಡೆಯೂ ನಲ್ ಪರೀಕ್ಷೆಯನ್ನೇ ಇಟ್ಟೆ. ಕಂಪೈಲ್ ಆಯಿತು. ಓಡಿತು. "ಪೋರ್ಟ್ ಮಾಡಿಬಿಟ್ಟೆ" ಅಂತ ಬೀಗಿದೆ.

2010ರ ಬೇಸಿಗೆಯ ಒಂದು ಸಂಜೆ. ಹಂತಿ ಹಾಡು ಹೇಳುತ್ತಿದ್ದ ಹಿರಿಯರೊಬ್ಬರು ಮನೆಗೆ ಬಂದಿದ್ದರಂತೆ. ಮಾವ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು ಒಂದೊಂದೇ ಮಾತು ಕೇಳಿ ಕುಟ್ಟಿದ್ದಾರೆ. ನಲವತ್ತರಷ್ಟು ಪದ, ಅರ್ಥ ಮತ್ತು ವಿವರಣೆ ಸಮೇತ. ಉಳಿಸುವ ಗುಂಡಿ ಒತ್ತಿದ್ದಾರೆ. ನನ್ನ ತಂತ್ರಾಂಶ "ಉಳಿಸಲಾಗಿದೆ" ಅಂತ ಹೇಳಿದೆ. ಅಷ್ಟರಲ್ಲಿ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಎಂದೋ ಸತ್ತಿತ್ತು. ಕರೆಂಟ್ ಬಂದ ಮೇಲೆ ನೋಡಿದರೆ ಪದಗಳ ಎಣಿಕೆ ಹೆಚ್ಚಿದೆ, ಪದಗಳಿರಬೇಕಾದ ಜಾಗದಲ್ಲಿ ಬರೀ ಸೊನ್ನೆಗಳು.

"ಅಲ್ಲೋ ಅಳಿಯಾ, 'ಉಳಿಸಲಾಗಿದೆ' ಅಂತ ಬರದಿತ್ತಲ್ಲೋ! ನಾ ಕಣ್ಣಾರೆ ನೋಡೀನಿ" ಅಂದರು ಮಾವ ಫೋನಿನಲ್ಲಿ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಹಿರಿಯರು ಆ ಮಳೆಗಾಲ ಕಳೆಯುವಷ್ಟರಲ್ಲಿ ತೀರಿಕೊಂಡರು. ಮಾವ ನೆನಪಿನಿಂದ ಹತ್ತು ಹನ್ನೆರಡು ಪದ ಮತ್ತೆ ಬರೆದರು. ಉಳಿದವು ಹೋದವು. ಚೀಟಿ ಇದ್ದಿದ್ದರೆ ಇರುತ್ತಿದ್ದವು.

ತಪ್ಪು ಎಲ್ಲಿ ಆಯಿತು? ಲಿನಕ್ಸಿನಲ್ಲಿ ಕಾಯುವ ಬಗೆಯ ಎಂಸಿಂಕ್ ಕರೆದರೆ ಬರಹ ಮುಗಿದ ಮೇಲೇ ಅದು ವಾಪಸ್ ಬರುತ್ತೆ. ವಿಂಡೋಸಿನ ಫ್ಲಶ್ ವ್ಯೂ ಆಫ್ ಫೈಲ್ ಬರೆಯೋಕೆ ಶುರು ಮಾಡಿಸುತ್ತೆ, ಡಿಸ್ಕಿಗೆ ನಿಜವಾಗಿ ಇಳಿಯುವ ತನಕ ಕಾಯೋದಿಲ್ಲ. ಕಡತದ ಅಳತೆಯಂಥ ವಿವರಗಳನ್ನೂ ಅದು ಇಳಿಸೋದಿಲ್ಲ. ಅದರ ಹಿಂದೆಯೇ ಫ್ಲಶ್ ಫೈಲ್ ಬಫರ್ಸ್ ಅಂತ ಇನ್ನೊಂದು ಕರೆ ಮಾಡಬೇಕು. ಮೈಕ್ರೋಸಾಫ್ಟಿನ ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ. ನಾನು ಓದಿರಲಿಲ್ಲ. ಹೆಸರು ಹೊಂದಿತು, ಅರ್ಥವೂ ಹೊಂದಿರುತ್ತೆ ಅಂದುಕೊಂಡಿದ್ದೆ. ಮ್ಯಾಕಿನಲ್ಲಿ ಇನ್ನೂ ಒಂದು ಮೆಟ್ಟಿಲಿದೆ. ಅಲ್ಲಿ ಎಫ್‌ಸಿಂಕ್ ಮಾಡಿದರೂ ಡಿಸ್ಕು ತನ್ನೊಳಗಿನ ಕ್ಯಾಶ್‌ನಲ್ಲೇ ಇಟ್ಟುಕೊಂಡಿರಬಹುದು, ಪೂರ್ತಿ ಇಳಿಸಲು ಬೇರೆಯದೇ ಆದ ಕರೆ ಬೇಕು.

ನನ್ನ ಜಗಳ ಇಷ್ಟೇ ನೋಡಿ. ಹೆಸರು ಬದಲಾಯಿಸೋದು ಪೋರ್ಟಿಂಗ್ ಅಲ್ಲ. ಒಂದು ಸಿಸ್ಟಮ್ ಕೊಟ್ಟ ಮಾತನ್ನು ಇನ್ನೊಂದು ಸಿಸ್ಟಮ್ ಕೊಟ್ಟಿದೆಯೋ ಇಲ್ಲವೋ ಅಂತ ನೋಡಿ, ಕೊಟ್ಟಿಲ್ಲದಿದ್ದರೆ ಆ ಕೊರತೆಯನ್ನು ನಾವೇ ತುಂಬೋದು ಪೋರ್ಟಿಂಗ್.

ಇನ್ನು ಎದುರು ವಾದಗಳಿಗೆ ಬರೋಣ. ಎಲ್ಲವನ್ನೂ ಕೇಳಿದ್ದೇನೆ, ಅರ್ಧದಷ್ಟನ್ನು ನಾನೇ ಹೂಡಿದ್ದೇನೆ :-)

"4096 ಬಿಟ್ಟು ಬೇರೆ ಅಳತೆ ಯಾರ ಹತ್ತಿರ ಇರುತ್ತೆ?" ನಿಮ್ಮ ಮನೆಯಲ್ಲೇ ಇರಬಹುದು ಸ್ವಾಮಿ. 2023ರಲ್ಲಿ ಬಂದ ರಾಸ್ಪ್‌ಬೆರಿ ಪೈ 5ರ ಮಾಮೂಲಿ ಕರ್ನಲ್ 16 ಕೆಬಿ ಪುಟದ್ದು. 2024ರಲ್ಲಿ ಮಾವನ ಮೊಮ್ಮಗಳು ಅದನ್ನು ಕೊಂಡು ತಂದು ಅಜ್ಜನ ಪದಕೋಶ ಓಡಿಸಲು ಹೊರಟಳು. ಅದರ ಹಿಂದಿನ ಪೈ 4ರಲ್ಲಿ ಓಡುತ್ತಿದ್ದದ್ದು ಇಲ್ಲಿ ಏಳುವ ಮೊದಲೇ ಬಿತ್ತು. 20480ನೇ ಬೈಟಿನಿಂದ ಮ್ಯಾಪ್ ಮಾಡು ಅಂತ ನನ್ನ ಕೋಡು ಕೇಳಿದೆ. ಅದು 4096ರ ಗುಣಕ ಹೌದು, 16384ರದ್ದಲ್ಲ. ಕರ್ನಲ್ ಆಗೋದಿಲ್ಲ ಅಂದಿದೆ, ಮೈನಸ್ ಒಂದು ಬಂದಿದೆ. ನಾನು ನಲ್ ಒಂದನ್ನೇ ನೋಡುತ್ತಿದ್ದೆನಲ್ಲ, ಆ ಮೈನಸ್ ಒಂದನ್ನೇ ವಿಳಾಸ ಅಂದುಕೊಂಡು ಓದಲು ಹೋಗಿ ಪ್ರೋಗ್ರಾಮು ಸತ್ತಿದೆ. ಹದಿನೈದು ವರ್ಷದ ಹಿಂದಿನ ಎರಡು ಸೋಮಾರಿತನಗಳು ಒಂದೇ ದಿನ ಕೈಕೈ ಹಿಡಿದು ಬಂದವು.

ನಾನೊಬ್ಬನೇ ದಡ್ಡ ಅಂದುಕೊಳ್ಳಬೇಡಿ. ಜೆಮ್ಯಾಲಕ್ ಅನ್ನೋ ಮೆಮೊರಿ ಹಂಚುವ ಪ್ರಸಿದ್ಧ ಲೈಬ್ರರಿ ಪುಟದ ಅಳತೆಯನ್ನು ಕಂಪೈಲ್ ಮಾಡುವಾಗಲೇ ತೀರ್ಮಾನ ಮಾಡಿಬಿಡುತ್ತೆ. 4 ಕೆಬಿಗೆ ಕಂಪೈಲ್ ಆದದ್ದನ್ನು 16 ಕೆಬಿ ಕರ್ನಲ್ಲಿನಲ್ಲಿ ಓಡಿಸಿದರೆ ಪುಟದ ಅಳತೆ ಒಗ್ಗೋದಿಲ್ಲ ಅಂತ ಹೇಳಿ ಕೈಚೆಲ್ಲುತ್ತೆ. ಅದನ್ನು ಒಳಗೆ ಇಟ್ಟುಕೊಂಡ ತಂತ್ರಾಂಶಗಳೂ ಜೊತೆಗೇ ಬೀಳುತ್ತವೆ. ಆದರೆ ಒಂದು ಮಾತು. ಅದು ಯಾಕೆ ನಿಲ್ಲುತ್ತಿದ್ದೇನೆ ಅಂತ ಹೇಳಿಯಾದರೂ ನಿಲ್ಲುತ್ತೆ. ನನ್ನದು ಸುಳ್ಳು ಹೇಳಿತ್ತು.

ಫೋನುಗಳ ಕಥೆಯೂ ಇದೇ. 2024ರ ಆಂಡ್ರಾಯ್ಡ್ 15ರಿಂದ 16 ಕೆಬಿ ಪುಟಕ್ಕೆ ಬೆಂಬಲ ಬಂದಿದೆ. ಆಂಡ್ರಾಯ್ಡ್ 15 ಮತ್ತು ಅದಕ್ಕಿಂತ ಹೊಸದನ್ನು ಗುರಿಯಾಗಿಟ್ಟುಕೊಂಡ ಹೊಸ ಆಪ್‌ಗಳೂ ಅಪ್‌ಡೇಟ್‌ಗಳೂ 16 ಕೆಬಿಗೆ ಒಗ್ಗಬೇಕು ಅಂತ ಗೂಗಲ್ ಪ್ಲೇ 2025ರ ನವೆಂಬರ್ 1ರಿಂದ ನಿಯಮ ಮಾಡಿತು. ಪೂರ್ತಿ ಜಾವಾ, ಕೋಟ್ಲಿನ್‌ನಲ್ಲಿ ಬರೆದವರಿಗೆ ಚಿಂತೆಯಿಲ್ಲ. ಸಿ, ಸಿ ಪ್ಲಸ್ ಪ್ಲಸ್ ಲೈಬ್ರರಿ ಒಳಗಿಟ್ಟುಕೊಂಡ ಕನ್ನಡದ ಕೀಲಿಮಣೆ, ನಿಘಂಟು, ಓದುಗ ಆಪ್‌ಗಳನ್ನು ಮತ್ತೆ ಕಂಪೈಲ್ ಮಾಡಿ ಪರೀಕ್ಷೆ ಮಾಡಬೇಕು. ಬರೆದವರು ಕೈಬಿಟ್ಟ ಆಪ್‌ಗಳನ್ನು ಮಾಡೋರ್ಯಾರು? ಇಂಗ್ಲಿಷಿನಲ್ಲಿ ಒಂದು ಹೋದರೆ ನೂರು ಸಿಗುತ್ತೆ. ನಮ್ಮಲ್ಲಿ ಒಂದು ಹೋದರೆ ಹೋದಂಗೇ.

"ಇಫ್‌ಡೆಫ್ ಹಾಕಿದರೆ ಸಾಲದೇ?" ಸಾಲದು. ಪೈ 5ರಲ್ಲಿ ಕಾನ್ಫಿಗ್ ಕಡತದ ಒಂದು ಸಾಲು ಬದಲಿಸಿ ಮತ್ತೆ ಬೂಟ್ ಮಾಡಿ, 4 ಕೆಬಿ ಪುಟದ ಕರ್ನಲ್ ಬರುತ್ತೆ. ಮಷೀನು ಅದೇ, ಪ್ರೊಸೆಸರ್ ಅದೇ, ನಿಮ್ಮ ಪ್ರೋಗ್ರಾಮಿನ ಬೈನರಿಯೂ ಅದೇ. ಅಳತೆ ಮಾತ್ರ ಬೇರೆ. ಕಂಪೈಲ್ ಮಾಡುವ ಹೊತ್ತಿನಲ್ಲಿ ಹುಟ್ಟೇ ಇಲ್ಲದ ಪ್ರಶ್ನೆಗೆ ಇಫ್‌ಡೆಫ್ ಹೇಗೆ ಉತ್ತರ ಹೇಳುತ್ತೆ? ಸಂತೆಗೆ ಹೋದ ಮೇಲೆ ಅಲ್ಲಿನ ಸೇರು ಎಷ್ಟು ಅಂತ ಕೇಳಬೇಕು, ಮನೆಯಲ್ಲಿ ಕೂತು ಊಹಿಸೋದಲ್ಲ.

"ಕರೆ ಒಂದೇ ಇದ್ದರೆ ಅರ್ಥವೂ ಒಂದೇ ಇರುತ್ತಲ್ಲ?" ಅದೂ ಇಲ್ಲ. ಎಂಅಡ್ವೈಸ್ ಅನ್ನೋ ಕರೆಗೆ 'ಈ ಪುಟಗಳು ಬೇಡ' ಅಂತ ಸೂಚನೆ ಕೊಡಬಹುದು. ಪೋಸಿಕ್ಸ್ ಪ್ರಕಾರ ಅದು ಬರೀ ಸಲಹೆ, ಒಳಗಿನ ಮಾಹಿತಿಗೆ ಏನೂ ಆಗಬಾರದು. ಲಿನಕ್ಸಿನಲ್ಲಿ ಕಡತಕ್ಕೆ ಸೇರದ ಸ್ವಂತ ಪುಟಗಳ ಮೇಲೆ ಇದೇ ಸೂಚನೆ ಕೊಟ್ಟರೆ ಮಾಹಿತಿ ಹೋಗಿ ಮುಂದಿನ ಸಲ ಸೊನ್ನೆಗಳೇ ಸಿಗುತ್ತವೆ. ಈ ಅಪಾಯಕ್ಕೇ ಗ್ಲಿಬ್‌ಸಿ ಲೈಬ್ರರಿಯವರು ಪೋಸಿಕ್ಸ್ ಹೆಸರಿನ ಕರೆಯಲ್ಲಿ ಆ ಸೂಚನೆ ಬಂದರೆ ಏನೂ ಮಾಡದೆ ಸುಮ್ಮನಿದ್ದುಬಿಡುತ್ತಾರೆ.

ಇನ್ನೊಂದು. ಮ್ಯಾಪ್ ಮಾಡಿದ ಕಡತವನ್ನು ಬೇರೊಂದು ಪ್ರೋಗ್ರಾಮು ಮೊಟಕು ಮಾಡಿದರೆ? ಲಿನಕ್ಸ್ ಮಾಡಲು ಬಿಡುತ್ತೆ. ಆಮೇಲೆ ಕತ್ತರಿಸಿಹೋದ ಪುಟವನ್ನು ನೀವು ಮುಟ್ಟಿದಾಗ ಸಿಗ್‌ಬಸ್ ಅಂತ ನಿಮ್ಮನ್ನು ಕೊಲ್ಲುತ್ತೆ. ವಿಂಡೋಸ್ ಮೊಟಕು ಮಾಡಲು ಹೋದವನನ್ನೇ ಎರರ್ 1224 ಕೊಟ್ಟು ತಡೆಯುತ್ತೆ. ಒಂದು ಕಡೆ ಓದುವವನಿಗೆ ಪೆಟ್ಟು, ಇನ್ನೊಂದು ಕಡೆ ಬರೆಯುವವನಿಗೆ. ಇದನ್ನು ಯಾವ ಮ್ಯಾಕ್ರೋ ಮುಚ್ಚುತ್ತೆ ಹೇಳಿ?

"ಹಾಗಾದರೆ ಮ್ಯಾಪಿಂಗೇ ಬೇಡ ಬಿಡಿ." ಇದು ಸ್ವಲ್ಪ ತೂಕವಿರುವ ವಾದ. 2022ರಲ್ಲಿ ಆಂಡ್ರ್ಯೂ ಕ್ರಾಟಿ, ವಿಕ್ಟರ್ ಲೈಸ್, ಆಂಡ್ರ್ಯೂ ಪಾವ್ಲೊ ಎಂಬ ಸಂಶೋಧಕರು ಡೇಟಾಬೇಸ್ ಬರೆಯುವವರು ಎಂಮ್ಯಾಪ್ ಬಳಸುವ ಮುಂಚೆ ನೂರು ಸಲ ಯೋಚಿಸಬೇಕು ಅಂತ ಒಂದು ಪ್ರಬಂಧವನ್ನೇ ಬರೆದರು. ಮೊಂಗೋಡಿಬಿ ತನ್ನ ಎಂಮ್ಯಾಪ್ ಆಧಾರಿತ ಹಳೆಯ ಎಂಜಿನ್ನನ್ನು 2019ರ 4.2 ಆವೃತ್ತಿಯಲ್ಲಿ ತೆಗೆದೇ ಹಾಕಿತು. ನಿಜ ಹೇಳಬೇಕೆಂದರೆ ಮಾವನ ಪದಕೋಶಕ್ಕೂ ಅದು ಬೇಕಿರಲಿಲ್ಲ. ಕೆಲವು ಸಾವಿರ ಪದಕ್ಕೆ ಮಾಮೂಲಿ ರೀಡ್, ರೈಟ್ ಧಾರಾಳ ಸಾಕಿತ್ತು. ನನಗೆ ಎಂಮ್ಯಾಪ್ ಬರುತ್ತೆ ಅಂತ ತೋರಿಸಿಕೊಳ್ಳಬೇಕಿತ್ತು, ಅಷ್ಟೆ. ಬೇಡದಿದ್ದರೆ ಬಳಸಬೇಡಿ, ಖಂಡಿತ ಒಪ್ಪುತ್ತೇನೆ. ಆದರೆ ಬೇಕಾದವರೂ ಇದ್ದಾರೆ. ದೊಡ್ಡ ಕಡತಗಳನ್ನು ಬರೀ ಓದುವ ಕೆಲಸಕ್ಕೆ ಅದು ಹೇಳಿ ಮಾಡಿಸಿದ್ದು. ಅಂಥವರಿಗೆ ಓಡಿಹೋಗುವ ದಾರಿಯಿಲ್ಲ.

"ಈಗಿನ ಭಾಷೆಗಳು ಎಲ್ಲಾ ನೋಡಿಕೊಳ್ಳುತ್ತವೆ." ಹೌದೇ? ಜಾವಾದಲ್ಲಿ ಮ್ಯಾಪ್ ಮಾಡಿದ ಕಡತವನ್ನು ನಾವೇ ಬಿಡಿಸಲು ಅಧಿಕೃತ ದಾರಿ ಬಹಳ ವರ್ಷ ಇರಲೇ ಇಲ್ಲ, ಕಸ ಗುಡಿಸುವವನು ಬರುವ ತನಕ ಕಾಯಬೇಕಿತ್ತು. ಅಲ್ಲಿಯವರೆಗೆ ವಿಂಡೋಸಿನಲ್ಲಿ ಆ ಕಡತವನ್ನು ಅಳಿಸಲಾಗುತ್ತಿರಲಿಲ್ಲ. 2024ರ ಜಾವಾ 22ರಲ್ಲಿ ಹೊಸ ಮೆಮೊರಿ ಸೌಲಭ್ಯ ಪಕ್ಕಾ ಆದ ಮೇಲೆ ಅದಕ್ಕೊಂದು ಸರಿಯಾದ ದಾರಿ ಸಿಕ್ಕಿತು. ಪೈಥಾನಿನವರು ಮಾತ್ರ ಪ್ರಾಮಾಣಿಕರು. ಅವರ ಎಂಮ್ಯಾಪ್ ಮಾಡ್ಯೂಲಿನ ಕೈಪಿಡಿಯಲ್ಲಿ ಯುನಿಕ್ಸಿಗೆ ಒಂದು, ವಿಂಡೋಸಿಗೆ ಒಂದು ರೂಪವನ್ನು ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಜೊತೆಗೆ "ಇಲ್ಲಿ ಶುರುವಿನ ಜಾಗ ಎಷ್ಟರ ಗುಣಕ ಇರಬೇಕು" ಅನ್ನೋದಕ್ಕೆ ಒಂದು ಹೆಸರನ್ನೇ ಕೊಟ್ಟಿದ್ದಾರೆ. ವ್ಯತ್ಯಾಸವನ್ನು ಬಚ್ಚಿಡದೆ ಅದಕ್ಕೆ ಹೆಸರಿಟ್ಟು ಎದುರಿಗೆ ಕೂರಿಸಿದ್ದಾರೆ. ಒಳ್ಳೆಯ ಪದರ ಅಂದರೆ ಇದು.

ಬರೀ ಬೈದು ಹೋದರೆ ಏನು ಬಂತು? ಈಗ ಮಾವನ ತಂತ್ರಾಂಶವನ್ನು ತಿದ್ದಿದ್ದೇನೆ. ಏನು ಮಾಡಿದೆ ಅಂತ ಹೇಳಿಬಿಡುತ್ತೇನೆ.

ಕಡತದ ರೂಪಕ್ಕೂ ಪುಟದ ಅಳತೆಗೂ ಸಂಬಂಧ ಕಡಿದೆ. ವಿಭಾಗ ಎಲ್ಲಿ ಬೇಕಾದರೂ ಶುರುವಾಗಲಿ. ಪ್ರೋಗ್ರಾಮು ಓಡುವಾಗ ಯಂತ್ರವನ್ನೇ ಅಳತೆ ಕೇಳುತ್ತೇನೆ. ಯುನಿಕ್ಸಿನಲ್ಲಿ ಸಿಸ್‌ಕಾನ್ಫ್, ವಿಂಡೋಸಿನಲ್ಲಿ ಗೆಟ್ ಸಿಸ್ಟಮ್ ಇನ್ಫೋ. ವಿಂಡೋಸಿನಲ್ಲಿ ಪುಟದ ಅಳತೆ ತೆಗೆದುಕೊಂಡರೆ ಕೆಟ್ಟಿರಿ, ಹಂಚಿಕೆಯ ಅಳತೆ ತೆಗೆದುಕೊಳ್ಳಬೇಕು. ಆಮೇಲೆ ಬೇಕಾದ ಜಾಗದಿಂದ ಹಿಂದೆ ಸರಿದು ಹತ್ತಿರದ ಗುಣಕಕ್ಕೆ ಹೋಗೋದು, ಸರಿದಷ್ಟು ಬೈಟು ಹೆಚ್ಚಿಗೆ ಮ್ಯಾಪ್ ಮಾಡೋದು. ಅದೇ 20480 ತೆಗೆದುಕೊಳ್ಳಿ. 4 ಕೆಬಿ ಯಂತ್ರದಲ್ಲಿ ಅಲ್ಲಿಂದಲೇ ಶುರು. 16 ಕೆಬಿಯಲ್ಲಿ 16384ರಿಂದ ಶುರು, 4096 ಬೈಟು ದಾಟಿದರೆ ನಮ್ಮ ಜಾಗ. ವಿಂಡೋಸಿನಲ್ಲಿ ಸೊನ್ನೆಯಿಂದ ಶುರು, 20480 ದಾಟಬೇಕು. ಲೆಕ್ಕ ಒಂದೇ, ಇಫ್‌ಡೆಫ್ ಇರೋದು ಅಳತೆ ಕೇಳುವ ಒಂದು ಸಾಲಿನಲ್ಲಿ ಮಾತ್ರ. ಬಿಡಿಸುವಾಗ ಮ್ಯಾಪ್ ಮಾಡಿದ ಮೂಲ ವಿಳಾಸವನ್ನೇ ಕೊಟ್ಟು ಪೂರ್ತಿ ಬಿಡಿಸುತ್ತೇನೆ. ಯುನಿಕ್ಸಿನಲ್ಲಿ ಅರ್ಧ ಬಿಡಿಸಬಹುದು, ವಿಂಡೋಸಿನಲ್ಲಿ ಆಗೋದಿಲ್ಲ. ಎರಡರಲ್ಲಿ ಬಿಗಿಯಾದ ನಿಯಮ ಯಾವುದೋ ಅದನ್ನೇ ಎಲ್ಲ ಕಡೆ ಪಾಲಿಸಿದರೆ ನಿದ್ದೆ ಚೆನ್ನಾಗಿ ಬರುತ್ತೆ.

ಉಳಿಸುವ ಕೆಲಸಕ್ಕೆ ಎಂಸಿಂಕ್ ಅನ್ನೋ ಹೆಸರನ್ನೇ ತೆಗೆದುಹಾಕಿದೆ. 'ಡಿಸ್ಕಿಗೆ ಇಳಿಸಿ ಬಾ' ಅನ್ನೋ ಅರ್ಥದ ಹೆಸರಿಟ್ಟು, ಒಂದೊಂದು ಸಿಸ್ಟಮ್ಮಿನಲ್ಲೂ ಅದಕ್ಕೆ ಎಷ್ಟು ಕರೆ ಬೇಕೋ ಅಷ್ಟನ್ನೂ ಒಳಗೆ ಹಾಕಿದೆ. ಅದು ಗೆದ್ದು ಬಂದರೆ ಮಾತ್ರ ಪರದೆಯ ಮೇಲೆ "ಉಳಿಸಲಾಗಿದೆ". ಪರೀಕ್ಷೆ ಮಾಡೋಕೆ ಪೈ 5 ಒಂದಿದೆ. ವರ್ಚುವಲ್ ಮಷೀನನ್ನು ನಡುವೆಯೇ ಪಟಕ್ಕನೆ ಆರಿಸಿಯೂ ನೋಡುತ್ತೇನೆ. ಹಳ್ಳಿಯ ಕರೆಂಟಿನಷ್ಟು ಪಕ್ಕಾ ಪರೀಕ್ಷೆ ಅದಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ.

ಇಷ್ಟೆಲ್ಲ ಮಾಡಿದ್ದು ಎರಡು ವಾರಾಂತ್ಯದ ಕೆಲಸ. 2009ರಲ್ಲೇ ಮಾಡಬಹುದಿತ್ತು.

ಗೆಳೆಯನಿಗೆ ಇದೆಲ್ಲ ಹೇಳಿದೆ. "ಆಯ್ತು ಮಾರಾಯ, ತೆಗೀತೀನಿ" ಅಂದಿದ್ದಾನೆ. ನಿಮ್ಮಲ್ಲೂ ಕನ್ನಡಕ್ಕಾಗಿ ಬಿಡುವಿನಲ್ಲಿ ತಂತ್ರಾಂಶ ಬರೆಯುವವರು ಇದ್ದೀರಿ. ಇವತ್ತು ರಾತ್ರಿ ನಿಮ್ಮ ಕೋಡಿನಲ್ಲಿ 4096 ಅಂತ ಒಂದು ಸಲ ಹುಡುಕಿ ನೋಡಿ. ಸಿಕ್ಕರೆ, ಅದು ಯಾವ ಊರಿನ ಸೇರು ಅಂತ ನಿಮ್ಮನ್ನೇ ಕೇಳಿಕೊಳ್ಳಿ.

ಮಾವ ಈಗಲೂ ಪದ ಕೂಡಿಸುತ್ತಾರೆ. ತಂತ್ರಾಂಶ ಸರಿಯಾಗಿದೆ ಮಾಮಾ, ಈಗ ನಂಬಬಹುದು ಅಂದೆ. "ಆತು ಬಿಡೋ ಅಳಿಯಾ" ಅಂದರು. ಚೀಟಿಯಲ್ಲೂ ಬರೆದಿಡುತ್ತಿದ್ದಾರೆ. ಬಿಸ್ಕೀಟ್ ಡಬ್ಬಿ ಮತ್ತೆ ತುಂಬುತ್ತಿದೆ. ಬೇಡ ಅನ್ನೋ ಧೈರ್ಯ ನನಗಿಲ್ಲ.